ಕರೆಂಟ್ ಬೇಡದ ರೇಡಿಯೋ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ರೇಡಿಯೋ ಇದ್ದರೆ ಒಮ್ಮೆ ಕೆಳಗಿಳಿಸಿ, ಹಿಂಬದಿ ನೋಡಿ. ಪ್ಲಗ್ ಇಲ್ಲ, ಮೂರೋ ನಾಲ್ಕೋ ಬಣ್ಣದ ತಂತಿಗಳು ಸುಮ್ನೆ ನೇತಾಡುತ್ತಿವೆ ಅಂದರೆ ಅದು ಬ್ಯಾಟರಿ ಸೆಟ್. ವೈರ್ ಕಿತ್ತುಹೋಗಿದೆ ಅಂದುಕೊಂಡು ಯಾರೋ ಮೇಲೆ ಹಾಕಿರುತ್ತಾರೆ. ಕಿತ್ತುಹೋಗಿಲ್ಲ. ಅದಕ್ಕೆ ಕರೆಂಟ್ ಯಾವತ್ತೂ ಬೇಕಿರಲಿಲ್ಲ.

ನಮ್ಮ ತಾತನ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರಕ್ಕೆ ಹತ್ತಿರ. 1902ರಲ್ಲೇ ಅಲ್ಲಿ ಕಾವೇರಿ ನೀರಿನಿಂದ ಕರೆಂಟ್ ತೆಗೆದರು. ಅದು ತಂತಿಯ ಮೇಲೆ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, ಆಮೇಲೆ ಬೆಂಗಳೂರಿಗೆ, ಮೈಸೂರಿಗೆ. ತಾತನ ಊರಿಗೆ ಬರುವ ಹೊತ್ತಿಗೆ ನಮ್ಮ ಅಪ್ಪ ಹೈಸ್ಕೂಲ್ ಮುಗಿಸಿದ್ದರು. ಅಲ್ಲಿವರೆಗೂ ಮನೆಯಲ್ಲಿ ಲಾಟೀನು, ಜಗಲಿಯ ಗೂಡಿನಲ್ಲಿ ಬ್ಯಾಟರಿ ರೇಡಿಯೋ. ವಾರ್ತೆ ಹೊತ್ತಿಗೆ ಅರ್ಧ ಬೀದಿ ನಮ್ಮ ಜಗಲಿಯಲ್ಲೇ ಇರುತ್ತಿತ್ತಂತೆ. ವಾರ್ತೆ ಮುಗಿದ ಕೂಡಲೇ ತಾತ ಆರಿಸಿಬಿಡುತ್ತಿದ್ದರು. ಬ್ಯಾಟರಿ ಅಷ್ಟು ದುಬಾರಿ. ಡಯಲ್ ಹಿಂದೆ ದೀಪ ಕೂಡ ಇರಲಿಲ್ಲ. ರೇಡಿಯೋ ಒಳಗೆ ವಾಲ್ವ್ ಅನ್ನುವ ಗಾಜಿನ ಕೊಳವೆಗಳಿರುತ್ತವೆ. ಅವುಗಳನ್ನು ಕಾಯಿಸುವುದಕ್ಕಿಂತ ಆ ದೀಪವೊಂದೇ ಜಾಸ್ತಿ ತಿನ್ನುತ್ತಿತ್ತು.

ಇಂಥ ಸೆಟ್‌ಗೆ ಎರಡು ಬ್ಯಾಟರಿ ಬೇಕು. ಒಂದು 1.5 ವೋಲ್ಟ್, ಇನ್ನೊಂದು 90 ವೋಲ್ಟ್. ಚಿಕ್ಕದು ವಾಲ್ವ್ ಒಳಗಿನ ಫಿಲಮೆಂಟನ್ನು ಕಾಯಿಸುತ್ತದೆ. ದೊಡ್ಡದು ಆ ವಾಲ್ವ್‌ಗಳಿಂದ ಕೆಲಸ ಮಾಡಿಸುತ್ತದೆ. ನಮ್ಮ ತಾತನ ಸೆಟ್‌ನಲ್ಲಿ ನಾಲ್ಕು ವಾಲ್ವ್: ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ಮೊದಲ ಮೂರರ ಫಿಲಮೆಂಟ್‌ಗೆ ತಲಾ 25 ಮಿಲಿ ಆಂಪಿಯರ್ ಸಾಕು, ಕೊನೆಯದಕ್ಕೆ 50. ಎಲ್ಲಾ ಸೇರಿದರೂ ಒಂದು ಟಾರ್ಚ್ ಬಲ್ಬ್ ಎಳೆಯುವುದರ ಅರ್ಧಕ್ಕಿಂತ ಕಡಿಮೆ. ಅಂದರೆ ಆ ಫಿಲಮೆಂಟ್ ಎಷ್ಟು ಸಣ್ಣ ಎಳೆ ಇರಬೇಕು, ನೀವೇ ಯೋಚಿಸಿ. ಕತ್ತಲೆ ಕೋಣೆಯಲ್ಲಿ ಇಟ್ಟು ನೋಡಿದರೂ ಬೆಳಕು ಕಾಣುವುದು ಕಷ್ಟ.

ಆ ಎಳೆಗೆ 90 ವೋಲ್ಟ್ ತಾಗಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ನಾನು ಹಾಗೆ ಸುಟ್ಟಿದ್ದೇನೆ. ತಾತ ತೀರಿಕೊಂಡ ಮೇಲೆ ಸೆಟ್ ಮೈಸೂರಿಗೆ, ನಮ್ಮ ಮನೆಗೆ ಬಂತು. ತಂತಿಗಳ ಬಣ್ಣ ಮಾಸಿತ್ತು. ಅಂದಾಜಿನ ಮೇಲೆ ಸಿಕ್ಕಿಸಿದೆ. ಸಣ್ಣದೊಂದು ಮಿಂಚು, ಅಷ್ಟೇ. ತಾತ ಅಷ್ಟು ವರ್ಷ ಜೋಪಾನ ಮಾಡಿದ್ದ ನಾಲ್ಕೂ ವಾಲ್ವ್ ಒಂದೇ ಸಲ ಹೋದವು. ಬದಲಿ ವಾಲ್ವ್ ಹುಡುಕಲು ಎರಡು ವರ್ಷ ಬೇಕಾಯಿತು. ಅದಕ್ಕೇ ಇವತ್ತು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಅಟ್ಟದಿಂದ ಇಳಿಸಿದ ದಿನವೇ ಹಚ್ಚಬೇಡಿ.

ಮೊದಲು ಧೂಳು. ಮೆತ್ತನೆಯ ಬಣ್ಣದ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡ. ಡಯಲ್ ಗಾಜಿನ ಅಕ್ಷರ ಒರೆಸಿದರೆ ಅಳಿಸಿಹೋಗುತ್ತದೆ, ಅದನ್ನು ಮುಟ್ಟದಿರುವುದೇ ವಾಸಿ. ಆಮೇಲೆ ವಾಲ್ವ್‌ಗಳನ್ನು ನೇರವಾಗಿ ಮೇಲಕ್ಕೆ ಎಳೆದು ತೆಗೆಯಿರಿ, ಯಾವುದು ಎಲ್ಲಿತ್ತು ಅಂತ ಬರೆದಿಡಿ. ಡಿಜಿಟಲ್ ಮಲ್ಟಿಮೀಟರಿನಲ್ಲಿ 1 ಮತ್ತು 7ನೇ ಕಾಲಿನ ನಡುವೆ ನೋಡಿ. ದಾರಿ ತೋರಿಸಿದರೆ ಫಿಲಮೆಂಟ್ ಬದುಕಿದೆ. ಹಳೇ ಮುಳ್ಳಿನ ಮೀಟರ್ ಬೇಡ. ಅದರ ಕರೆಂಟೇ ಈ ಎಳೆಗೆ ಜಾಸ್ತಿಯಾಗಬಹುದು.

ಇನ್ನು ಕಂಡೆನ್ಸರ್, ಅಂದರೆ ಈಗಿನವರು ಕೆಪ್ಯಾಸಿಟರ್ ಅನ್ನುವುದು. ಮೇಣ ಮೆತ್ತಿದ ಕಾಗದದ ಕಂಡೆನ್ಸರ್‌ಗಳು ಇಷ್ಟು ವರ್ಷದಲ್ಲಿ ಒಳಗೊಳಗೇ ಸೋರುತ್ತಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ವಾಲ್ವ್‌ನ ಗ್ರಿಡ್‌ಗೆ, ಅಂದರೆ ಸಿಗ್ನಲ್ ಒಳಹೋಗುವ ಕಾಲಿಗೆ, ಹೋಗುವ ಕಂಡೆನ್ಸರ್. ಅದು ಸೋರಿದರೆ ಕೊನೆಯ ವಾಲ್ವ್ ಅಳತೆ ಮೀರಿ ಕರೆಂಟ್ ಎಳೆಯುತ್ತದೆ, ದನಿ ಒಡೆಯುತ್ತದೆ, ದೊಡ್ಡ ಬ್ಯಾಟರಿ ನಾಲ್ಕು ದಿನಕ್ಕೇ ಬಸಿದುಹೋಗುತ್ತದೆ. ಅಷ್ಟೇ ಅಳತೆಯ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿ ಬೆಸುಗೆ ಮಾಡಿ. ಹಳೇ ರೆಸಿಸ್ಟರ್‌ಗಳನ್ನೂ ಅಳೆದು ನೋಡಿ, ಎಷ್ಟೋದರ ಓಮ್ ಲೆಕ್ಕ ಏರಿಕೊಂಡಿರುತ್ತದೆ.

ಬ್ಯಾಟರಿ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಬೀದಿ ಕೊನೆಯ ಅಂಗಡಿಯಲ್ಲೇ! 9 ವೋಲ್ಟಿನ ಚೌಕಾಕಾರದ ಬ್ಯಾಟರಿ ಹತ್ತು ತನ್ನಿ. ಒಂದರ ಗುಂಡಿಗೆ ಇನ್ನೊಂದರದು ಸಿಕ್ಕಿಸುತ್ತಾ ಹೋದರೆ 90 ಆಯಿತು. ದಪ್ಪ ಟಾರ್ಚ್ ಸೆಲ್ ಎರಡನ್ನು ಪಕ್ಕಪಕ್ಕ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಅದೇ 1.5. ದಿನಕ್ಕೆ ಒಂದು ಗಂಟೆ ಕೇಳಿದರೆ ಹತ್ತಿರ ಹತ್ತಿರ ಒಂದು ತಿಂಗಳು ಬರುತ್ತದೆ. ಆದರೆ 90 ವೋಲ್ಟ್ ಆಟದ ಸಾಮಾನಲ್ಲ, ಶಾಕ್ ಹೊಡೆಯುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಿದ ಡಬ್ಬಿಯಲ್ಲಿಡಿ.

ಈಗ ವಾಲ್ವ್ ಇಲ್ಲದ ಖಾಲಿ ಸೆಟ್‌ಗೆ ಬ್ಯಾಟರಿ ಕೊಡಿ. 90ರ ತಂತಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಒಂದನ್ನು ನಡುವೆ ಸೇರಿಸಿ. ಸಾಕೆಟ್‌ಗಳಲ್ಲಿ ಫಿಲಮೆಂಟ್ ಜಾಗ ಅಳೆಯಿರಿ. ಮೂರರಲ್ಲಿ 1 ಮತ್ತು 7ರ ನಡುವೆ, ಕೊನೆಯ ಡಿಎಲ್ 96ರದ್ದರಲ್ಲಿ 1 ಮತ್ತು 5ರ ನಡುವೆ. ಒಂದೂವರೆ ವೋಲ್ಟ್ ತೋರಿಸಿದರೆ ಮಾತ್ರ ಬ್ಯಾಟರಿ ಬಿಚ್ಚಿ, ವಾಲ್ವ್ ಹಾಕಿ, ಮತ್ತೆ ಕೊಡಿ. ಆ ರೆಸಿಸ್ಟರ್ ಇರುವಾಗ ಎಲ್ಲಿ ತಪ್ಪಾಗಿದ್ದರೂ 9 ಮಿಲಿ ಆಂಪಿಯರ್‌ಗಿಂತ ಜಾಸ್ತಿ ಹರಿಯುವುದಿಲ್ಲ, ಫಿಲಮೆಂಟ್ ಉಳಿಯುತ್ತದೆ. ನಾನು ಅವತ್ತು ಇಷ್ಟು ಮಾಡಿದ್ದರೆ ಸಾಕಿತ್ತು. ಎಲ್ಲಾ ಸರಿ ಅನ್ನಿಸಿದ ಮೇಲೆ ಅದನ್ನು ತೆಗೆದುಬಿಡಿ.

ಒಳಗಿನದನ್ನೆಲ್ಲಾ ಕಿತ್ತು ಬ್ಲೂಟೂತ್ ಸ್ಪೀಕರ್ ಕೂರಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಪೆಟ್ಟಿಗೆ ಉಳಿಯುತ್ತದೆ, ರೇಡಿಯೋ ಹೋಗುತ್ತದೆ.

ಈಗ ನಾನಾಡುತ್ತಿರುವ ಮಾತು ಆ ಸೆಟ್‌ನಲ್ಲಿ ಕೇಳಿಸುವುದಿಲ್ಲ. ಮೈಸೂರು ಆಕಾಶವಾಣಿ ಇರುವುದು 100.6 ಎಫ್‌ಎಂನಲ್ಲಿ. ಹಳೇ ಸೆಟ್‌ಗೆ ಸಿಗುವುದು ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರಲ್ಲ, ಅವರ ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್. ಹಳೇ ಕಾಲದ ಒಂದು ಮನೆ ಬಲ್ಬಿನಷ್ಟೂ ಇಲ್ಲ. ಈ ಊರಿಗೂ ರೇಡಿಯೋಗೂ ಅಂಥ ನಂಟು. ಈಗ ನಾನು ಮುಳ್ಳು ತಿರುಗಿಸುವುದು ಬೆಂಗಳೂರಿಗೆ, 612 ಕಿಲೋಹರ್ಟ್ಸ್. ಡಯಲ್ ಮೇಲೆ ಮೀಟರ್ ಲೆಕ್ಕ ಇದ್ದರೆ 490ರ ಹತ್ತಿರ ನೋಡಿ.

ಏರಿಯಲ್ ತಂತಿ ಉದ್ದ ಇರಬೇಕು, ಎತ್ತರದಲ್ಲಿರಬೇಕು. ನಮ್ಮದು ಮಹಡಿಯಿಂದ ತೆಂಗಿನ ಮರಕ್ಕೆ ಇದೆ. ಗುಡುಗು ಕೇಳಿದ ತಕ್ಷಣ ಬಿಚ್ಚಿ ಹೊರಗೆ ಹಾಕುತ್ತೇನೆ. ಅಷ್ಟಿದ್ದರೂ ಊರೊಳಗೆ ಗರಗರ ಸದ್ದು ಜಾಸ್ತಿ. ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಯುಪಿಎಸ್ ಎಲ್ಲವೂ ಮೀಡಿಯಂ ವೇವ್ ಮೇಲೆ ಗಲೀಜು ಚೆಲ್ಲುತ್ತವೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಮಳೆ ನಿಂತ ಮೇಲೆ ನಮ್ಮ ಬಡಾವಣೆಗೆಲ್ಲಾ ಕರೆಂಟ್ ಹೋಯಿತು. ನಮ್ಮ ಮನೆ ಯುಪಿಎಸ್ಸನ್ನೂ ಆರಿಸಿ, ತಾತನ ಸೆಟ್‌ನ ಗುಂಡಿ ತಿರುಗಿಸಿದೆ. ಈ ವಾಲ್ವ್‌ಗಳು ಕಾಯುವವರೆಗೆ ಕೂರಬೇಕಾಗಿಲ್ಲ, ತಿರುಗಿಸಿದ ಕೂಡಲೇ ದನಿ ಬರುತ್ತದೆ. ಒಂದು ಚೂರೂ ಗರಗರ ಇರಲಿಲ್ಲ. ಬೆಂಗಳೂರು ಕೇಂದ್ರ ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ ಬಂತು. ಅಪ್ಪ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಕತ್ತಲಲ್ಲೇ ಕೂತರು. ವಾರ್ತೆ ಮುಗಿಯಿತು. ಹಾಡು ಶುರುವಾಯಿತು. ನಾನು ಗುಂಡಿಗೆ ಕೈ ಹಾಕಿದೆ.

"ಇರಲಿ ಬಿಡೋ, ಆರಿಸಬೇಡ" ಅಂದರು.

ನಮಸ್ಕಾರ.