ನಂಜಿನ ಲೆಕ್ಕ, ಗೊಬ್ಬರದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತಿದೆಯಾ? ಕೇಳದಿದ್ದರೆ ಮುಂದೆ ಬನ್ನಿ. ಮುಂದಿನ ಎರಡು ಸಾಲು ಯಾವ ಸಭೆಯಲ್ಲೂ ಖಾಲಿಯೇ ಇರುತ್ತದೆ. ಅದು ಯಾವ ರೋಗವೋ, ಅದಕ್ಕೆ ಇನ್ನೂ ಔಷಧಿ ಬಂದಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಎರಡು ವಿಷಯ ಹಾಕಿದ್ದಾರೆ. ಸಾರಜನಕ ಮತ್ತು ಇಂಗಾಲದ ಚಕ್ರ ಒಂದು. ವೈರಸ್ ವಿರುದ್ಧ ಗಿಡಗಳ ಹೋರಾಟ ಇನ್ನೊಂದು. ನಡುವೆ ಸಣ್ಣದಾಗಿ 'ಹಾಗೂ' ಅಂತಿದೆ. ನಾನು ಬಂದಿರುವುದು ಆ 'ಹಾಗೂ' ಬಗ್ಗೆ ಮಾತಾಡಲಿಕ್ಕೆ.

ಬೆಳಿಗ್ಗೆ ತಿಂಡಿ ತಿನ್ನುವಾಗ ಒಬ್ಬರು ಏಲಕ್ಕಿ ಎಲೆ ಹಿಡಿದುಕೊಂಡು ಬಂದರು. ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೀರು ಗೀರು. ನಿಮಗೆ ಹೇಳಬೇಕಾಗಿಲ್ಲ, ಕಟ್ಟೆ ರೋಗ, ಏಲಕ್ಕಿಗೆ ವೈರಸ್ ತರುವ ರೋಗ. 'ಮೇಷ್ಟ್ರೇ, ಇದಕ್ಕೆ ಏನು ಹೊಡೆಯಬೇಕು?' ಅಂದರು. ನಾನು 'ಗೊಬ್ಬರ ಏನು ಹಾಕುತ್ತೀರಿ?' ಅಂತ ಕೇಳಿದೆ. ಅವರಿಗೆ ಸಿಟ್ಟು ಬಂತು. 'ನಾನು ರೋಗದ ವಿಷಯ ಕೇಳಿದರೆ ನೀವು ಗೊಬ್ಬರದ ವಿಷಯ ತೆಗೆಯುತ್ತೀರಲ್ಲ ಮಾರಾಯ್ರೇ!' ಅವರ ತಪ್ಪಲ್ಲ. ನಾನು ಓದಿದ ಕಾಲೇಜಿನಲ್ಲೂ ಹಾಗೇ ಇತ್ತು. ಮಣ್ಣಿನ ವಿಭಾಗ ಒಂದು ಕಟ್ಟಡ, ರೋಗದ ವಿಭಾಗ ಇನ್ನೊಂದು ಕಟ್ಟಡ. ಮಧ್ಯದಲ್ಲಿ ಕ್ಯಾಂಟೀನ್. ಆ ಮೇಷ್ಟ್ರುಗಳು ಕ್ಯಾಂಟೀನಿನಲ್ಲೂ ಬೇರೆ ಬೇರೆ ಮೇಜಿಗೆ ಕೂರುತ್ತಿದ್ದರು.

ಆದರೆ ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡ ಒಬ್ಬ ಮನುಷ್ಯ ಇದ್ದ. ಅವನ ಕಥೆ ನನಗೆ ಬಹಳ ಇಷ್ಟ. ನನ್ನ ಮಾತು ಹಿಂದೆ ಕೇಳಿದವರು ಕ್ಷಮಿಸಬೇಕು, ಮತ್ತೆ ಹೇಳುತ್ತೇನೆ.

ಹಾಲೆಂಡಿನವನು, ಮಾರ್ಟಿನಸ್ ಬೈಯರಿಂಕ್. ಹುಟ್ಟಿದ್ದು 1851ರಲ್ಲಿ. ಮದುವೆ ಆಗಲಿಲ್ಲ. ವಿದ್ಯಾರ್ಥಿಗಳನ್ನು ಬೈಯುವುದರಲ್ಲಿ ಹೆಸರುವಾಸಿ. ವಾಗೆನಿಂಗೆನ್‌ನ ಕೃಷಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿ ಅಡಾಲ್ಫ್ ಮೇಯರ್ ಅನ್ನುವ ಸಹೋದ್ಯೋಗಿ ಇದ್ದ. ಮೇಯರ್ ತಂಬಾಕಿನ ಎಲೆಯಲ್ಲಿ ಬರುವ ಹಸಿರು-ಹಳದಿ ಮಚ್ಚೆಯ ಹಿಂದೆ ಬಿದ್ದಿದ್ದ. ರೋಗದ ಎಲೆಯ ರಸ ತೆಗೆದು ಒಳ್ಳೆ ಗಿಡಕ್ಕೆ ಚುಚ್ಚಿದರೆ ಅದಕ್ಕೂ ರೋಗ ಬರುತ್ತದೆ ಅಂತ ತೋರಿಸಿದ. ಬೈಯರಿಂಕ್ ಅದರಲ್ಲಿ ಬ್ಯಾಕ್ಟೀರಿಯಾ ಹುಡುಕಿದ. ಸಿಗಲಿಲ್ಲ. ಬಿಟ್ಟ.

ಆಮೇಲೆ ಡೆಲ್ಫ್ಟ್ ಊರಿನ ಒಂದು ಯೀಸ್ಟ್ ಮತ್ತು ಮದ್ಯಸಾರದ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಅಲ್ಲಿ ಕೂತು ಮಾಡಿದ್ದೇನು? ದ್ವಿದಳ ಗಿಡಗಳ ಬೇರಿನ ಗಂಟು ಬಿಡಿಸಿದ. ಬೇಳೆ ಕಾಳಿನ ಗಿಡ ಗಾಳಿಯ ಸಾರಜನಕ ಹಿಡಿಯುತ್ತದೆ ಅಂತ 1886ರಲ್ಲಿ ಜರ್ಮನಿಯ ಹೆಲ್ರೀಗಲ್ ಹೇಳಿದ್ದ. ಹಿಡಿಯುವವರು ಯಾರು? ಗಂಟಿನೊಳಗಿನ ಬ್ಯಾಕ್ಟೀರಿಯಾ. ಅದನ್ನು ಬೇರ್ಪಡಿಸಿ ಬೆಳೆಸಿದ್ದು ಬೈಯರಿಂಕ್, 1888ರಲ್ಲಿ. ನಾಳೆ ಅಲಸಂದೆ ಗಿಡ ಕಿತ್ತರೆ ಒಂದು ಗಂಟು ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಾಗಿರುತ್ತದೆ, ನಮ್ಮ ರಕ್ತದ ಬಣ್ಣ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ದಾಯಾದಿಯೇ ಅಲ್ಲಿರುವುದು. ಅಲ್ಲಿ ನಡೆಯುವುದು ಶುದ್ಧ ವ್ಯಾಪಾರ. ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತದೆ. ಇಂಗಾಲ ಕೊಟ್ಟು ಸಾರಜನಕ ಕೊಳ್ಳುವುದು.

ಹತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಪ್ರೊಫೆಸರ್ ಆಗಿದ್ದ. ಹಳೆಯ ತಂಬಾಕಿನ ಸೋಲು ಮರೆತಿರಲಿಲ್ಲ. ಮತ್ತೆ ರಸ ತೆಗೆದ. ನಮ್ಮ ಮನೆಗಳಲ್ಲಿ ಹಿಂದೆ ಕ್ಯಾಂಡಲ್ ಫಿಲ್ಟರ್ ಇತ್ತಲ್ಲ, ಸ್ಟೀಲ್ ಡ್ರಮ್ಮಿನೊಳಗೆ ಬಿಳಿ ಕ್ಯಾಂಡಲ್? ಅಂಥದ್ದೇ ಪಿಂಗಾಣಿ ಕ್ಯಾಂಡಲ್ಲಿನಲ್ಲಿ ಸೋಸಿದ. ಬ್ಯಾಕ್ಟೀರಿಯಾ ಮೇಲೇ ಉಳಿಯಿತು, ರೋಗ ಕೆಳಗೆ ಇಳಿಯಿತು. ರಷ್ಯಾದ ಇವನೋವ್‌ಸ್ಕಿ 1892ರಲ್ಲೇ ಹೀಗೆ ಸೋಸಿ ನೋಡಿದ್ದ. ಅದು ಇವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ 'ಮೊದಲು ಮಾಡಿದ್ದು ಅವನೇ' ಅಂತ ಒಪ್ಪಿಕೊಂಡ. ಬೈಗುಳದ ಮನುಷ್ಯನಾದರೂ ಅಷ್ಟು ದೊಡ್ಡತನ ಇತ್ತು. ಆದರೆ ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೆಯೇ ಜಾತಿ, ಬೆಳೆಯುವ ಗಿಡದೊಳಗೆ ಮಾತ್ರ ಹೆಚ್ಚುವಂಥದ್ದು ಅಂತ 1898ರಲ್ಲಿ ಹೇಳಿದವನು ಬೈಯರಿಂಕ್. 'ವೈರಸ್' ಅಂತ ಕರೆದ. ಲ್ಯಾಟಿನ್ನಿನಲ್ಲಿ ಅದರ ಅರ್ಥ ವಿಷ. ನಮ್ಮ ರೈತರು ಈ ರೋಗಗಳಿಗೆ ಏನಂತಾರೆ? ನಂಜು ರೋಗ. ಲ್ಯಾಟಿನ್ ಓದದೆಯೇ ಅದೇ ಹೆಸರಿಗೆ ಬಂದರು ನೋಡಿ.

ಅವನು ತಪ್ಪಿದ್ದೂ ಉಂಟು. ವೈರಸ್ ಒಂದು ದ್ರವ ಅಂದುಕೊಂಡಿದ್ದ. ಅದು ಕಣ ಅಂತ ಗೊತ್ತಾಗಲು ಇನ್ನೂ ಬಹಳ ವರ್ಷ ಬೇಕಾಯಿತು. ಇರಲಿ. ನನಗೆ ಬೇಕಾದ್ದು ಇಷ್ಟೇ. ಸಾರಜನಕದ ಗಂಟು ಬಿಚ್ಚಿದ ಕೈ, ನಂಜಿಗೆ ಹೆಸರಿಟ್ಟ ಕೈ, ಎರಡೂ ಒಂದೇ. ಅವನ ನಂತರ ನಾವು ಎರಡು ಕಟ್ಟಡ ಕಟ್ಟಿದೆವು.

ಈಗ ಗೊಬ್ಬರಕ್ಕೆ ಬರೋಣ. ನೀವೆಲ್ಲ ಸೊಪ್ಪಿನ ಬೆಟ್ಟದವರು, ತೋಟಕ್ಕೆ ಸೊಪ್ಪು ತರಲು ಕಾಡು ಇಟ್ಟುಕೊಂಡವರು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಹಿರಿಯರು ಹೇಳುತ್ತಿದ್ದ ಲೆಕ್ಕ ಗೊತ್ತಲ್ಲ? ಅದು ಸೊಪ್ಪಿನ ಲೆಕ್ಕ ಅಂತ ನಾವು ತಿಳಿದೆವು. ಅದು ಸಾರಜನಕದ ಲೆಕ್ಕ. ಒಂಬತ್ತು ಎಕರೆಯ ಮರಗಳು ಆಳದಿಂದ ಹೀರಿದ್ದು ಒಂದು ಎಕರೆಗೆ ಬಂದು ಬೀಳುತ್ತದೆ. ಬೆಟ್ಟಕ್ಕೆ ಇದರಿಂದ ನಷ್ಟ ಆಗಿಲ್ಲವೇ ಅಂದರೆ ಆಗಿದೆ. ಬೋಳಾದ ಬೆಟ್ಟ ನೀವೂ ನೋಡಿದ್ದೀರಿ. ಹಳೆಯದೆಲ್ಲ ಚಿನ್ನ ಅನ್ನುವ ಪೈಕಿ ನಾನಲ್ಲ.

ಆದರೆ ಅದರೊಳಗೆ ಒಂದು ಜಾಣತನ ಇತ್ತು. ದರಕು ಅಂದರೆ ಒಣಗಿದ ತರಗೆಲೆ, ಮತ್ತೆ ಸೊಪ್ಪು, ಎರಡೂ ನೇರ ತೋಟಕ್ಕೆ ಹೋಗುತ್ತಿರಲಿಲ್ಲ. ಮೊದಲು ಕೊಟ್ಟಿಗೆಗೆ ಹಾಸಿಗೆ. ಮೇಲೆ ಸಗಣಿ, ಗಂಜಲ. ಗಂಜಲದಲ್ಲಿ ಏನಿದೆ? ಯೂರಿಯಾ! ಚೀಲದಲ್ಲಿ ಬರುವ ಅದೇ ಯೂರಿಯಾ. 1828ರಲ್ಲಿ ವೋಲರ್ ಅನ್ನುವವನು ಪ್ರಯೋಗಶಾಲೆಯಲ್ಲಿ ಮಾಡುವ ಮೊದಲು ಅದನ್ನು ಮಾಡುತ್ತಿದ್ದದ್ದು ದನ, ಮನುಷ್ಯರಂಥ ಜೀವಿಗಳು ಅಂತಲೇ ಎಲ್ಲರಿಗೂ ಗೊತ್ತಿದ್ದದ್ದು.

ದರಕಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಗಂಜಲದಲ್ಲಿ ತಿರುಗಾಮುರುಗಾ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು. ಒಂದು ಪಾಲು ಸಾರಜನಕಕ್ಕೆ ಸುಮಾರು 25 ಪಾಲು ಇಂಗಾಲ ಇದ್ದರೆ ಅವುಗಳಿಗೆ ಹದವಾದ ಊಟ. ಭತ್ತದ ಹುಲ್ಲಿನಲ್ಲಿ 60ರಿಂದ 80 ಪಾಲು ಇಂಗಾಲ ಇರುತ್ತದೆ. ಆ ಹುಲ್ಲನ್ನು ಕೊಳೆಸದೆ ಹಾಗೇ ಉತ್ತು ಬಿಟ್ಟರೆ ಸಸಿ ಹಳದಿ ಆಗುವುದು ಅದಕ್ಕೇ. ಹುಲ್ಲು ತಿನ್ನಲು ಕೂತ ಸೂಕ್ಷ್ಮಜೀವಿಗಳು ಸಾರಜನಕ ಸಾಲದೆ ಮಣ್ಣಿನಲ್ಲಿದ್ದದ್ದನ್ನೂ ಎಳೆದುಕೊಳ್ಳುತ್ತವೆ. ನಿಮ್ಮ ಗಿಡ ಉಪವಾಸ. ಗೊಬ್ಬರಗುಂಡಿಯಲ್ಲಿ ಈ ಜಗಳ ಮೊದಲೇ ಮುಗಿದಿರುತ್ತದೆ. ಕೊಳೆತ ಗೊಬ್ಬರ ತೋಟಕ್ಕೆ ಬಂದ ಮೇಲೆ ಆ ಜೀವಿಗಳು ಸತ್ತಂತೆ ಸತ್ತಂತೆ ಸ್ವಲ್ಪ ಸ್ವಲ್ಪ ಸಾರಜನಕ ಬಿಡುತ್ತವೆ. ಕಂತಿನಲ್ಲಿ ಕೊಟ್ಟ ಹಾಗೆ.

ಚೀಲದ ಯೂರಿಯಾ ಕಂತಿನಲ್ಲಿ ಬರುವುದಿಲ್ಲ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ. ಒಂದೇ ಸಲಕ್ಕೆ ಸುರಿದರೆ ಅದು ಬೇಗ ನೈಟ್ರೇಟ್ ಆಗುತ್ತದೆ. ಜೇಡಿಮಣ್ಣಿಗೆ ನೈಟ್ರೇಟ್ ಅಂಟುವುದಿಲ್ಲ. ನಮ್ಮ ಜುಲೈ ಮಳೆ ಗೊತ್ತಲ್ಲ? ಸೀದಾ ಹಳ್ಳಕ್ಕೆ. ನೀರು ನಿಂತ ಕಡೆ ಒಂದಷ್ಟು ಮತ್ತೆ ಗಾಳಿಗೆ. ಉಳಿದದ್ದನ್ನು ಗಿಡ ಗಬಗಬ ತಿನ್ನುತ್ತದೆ. ನಾಲ್ಕೇ ದಿನದಲ್ಲಿ ಕಡು ಹಸಿರು, ಮೆತ್ತಗೆ, ನೋಡಲು ಚಂದ.

ಚಂದ ಅಂತ ನಮಗೊಬ್ಬರಿಗೇ ಅನ್ನಿಸುವುದಿಲ್ಲ. ಗಿಡದ ಹೇನಿಗೂ ಅನ್ನಿಸುತ್ತದೆ.

ಇಲ್ಲಿಂದ 'ಹಾಗೂ' ಶುರು. ಹೇನು ಕುಡಿಯುವುದು ಗಿಡದ ಸಕ್ಕರೆ ನಾಳದ ರಸ. ಅದರಲ್ಲಿ ಸಕ್ಕರೆ ಭರ್ತಿ, ಸಾರಜನಕ ಅತಿ ಕಡಿಮೆ. ಮೈ ಬೆಳೆಯಬೇಕು, ಮರಿ ಹಾಕಬೇಕು ಅಂದರೆ ಬೇಕಾದ್ದು ಸಾರಜನಕ. ಹಾಗಾಗಿ ಅದು ಕುಡಿದೇ ಕುಡಿಯುತ್ತದೆ, ಬೇಡದ ಸಕ್ಕರೆಯನ್ನು ಹಿಂದಿನಿಂದ ಬಿಡುತ್ತದೆ. ಎಲೆ ಮೇಲೆ ಅಂಟು, ಇರುವೆ ಸಾಲು, ಆಮೇಲೆ ಕರಿ ಬೂಷ್ಟು, ಎಲ್ಲ ಅದರ ಫಲ. ಇಷ್ಟು ಮಾಡಿದರೂ ಸಾಲದೆ ತನ್ನ ಮೈಯೊಳಗೆ ಬುಕ್ನೆರಾ ಅಂತ ಒಂದು ಬ್ಯಾಕ್ಟೀರಿಯಾ ಸಾಕಿಕೊಂಡಿದೆ. ರಸದಲ್ಲಿ ಸಿಗದ ಅಮೈನೋ ಆಮ್ಲಗಳನ್ನು, ಅಂದರೆ ಸಾರಜನಕ ಸೇರಿ ಆಗುವ ಪ್ರೋಟೀನಿನ ತುಣುಕುಗಳನ್ನು, ಅದು ಮಾಡಿಕೊಡುತ್ತದೆ. ಹೇನಿನ ಇಡೀ ಬಾಳು ಸಾರಜನಕದ ಬಡತನ ಅಂದರೆ ತಪ್ಪಲ್ಲ. ಅಂಥ ಬಡವನ ಎದುರು ನೀವು ರಸದಲ್ಲಿ ಅಮೈನೋ ಆಮ್ಲ ಹೆಚ್ಚಿಸಿ ಇಟ್ಟರೆ? ಸಂತಾನ ಹೆಚ್ಚುತ್ತದೆ. ಗುಂಪು ಹೆಚ್ಚಿದರೆ ರೆಕ್ಕೆ ಇರುವ ಹೇನು ಹುಟ್ಟಿ ಪಕ್ಕದ ಗಿಡಕ್ಕೆ ಹಾರುತ್ತದೆ. ಕಟ್ಟೆಯ ವೈರಸ್ ಊರು ಸುತ್ತುವುದು ಆ ರೆಕ್ಕೆಯ ಮೇಲೆ.

ನನ್ನ ಮಾತನ್ನು ತಿರುಚಬೇಡಿ. ಯೂರಿಯಾದಿಂದ ಕಟ್ಟೆ ಹುಟ್ಟುತ್ತದೆ ಅಂತ ನಾನು ಹೇಳುತ್ತಿಲ್ಲ. ವೈರಸ್ ಇಲ್ಲದೆ ಕಟ್ಟೆ ಇಲ್ಲ. ಆದರೆ ಗೊಬ್ಬರದ ಲೆಕ್ಕ ಒಂದು ಪುಸ್ತಕದಲ್ಲಿ, ನಂಜಿನ ಲೆಕ್ಕ ಇನ್ನೊಂದು ಪುಸ್ತಕದಲ್ಲಿ ಬರೆದರೆ ಎರಡೂ ತಾಳೆ ಆಗುವುದಿಲ್ಲ.

ಹಾಗಾದರೆ ಗಿಡ ಸುಮ್ನೆ ಕೂತಿರುತ್ತದಾ? ಇಲ್ಲ. 1928ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ವಿಂಗಾರ್ಡ್ ಅನ್ನುವವನು ತಂಬಾಕಿನ ಗಿಡಗಳಿಗೆ ಉಂಗುರ ಮಚ್ಚೆಯ ವೈರಸ್ ಹಾಕಿದ. ಕೆಳಗಿನ ಎಲೆಗಳೆಲ್ಲ ಹಾಳು. ಇನ್ನು ಸಾಯುತ್ತದೆ ಅಂತ ಕಾದರೆ ಮೇಲೆ ಹೊಸ ಎಲೆ ಚೆನ್ನಾಗಿ ಬಂತು. ಆ ಹೊಸ ಎಲೆಗೆ ಅದೇ ವೈರಸ್ ಮತ್ತೆ ಹಾಕಿದ. ರೋಗ ಬರಲಿಲ್ಲ! ನಮ್ಮ ಹಾಗೆ ರಕ್ತ ಇಲ್ಲ, ಬಿಳಿ ರಕ್ತಕಣ ಇಲ್ಲ. ಮತ್ತೆ ನೆನಪು ಇಟ್ಟುಕೊಂಡವರು ಯಾರು?

ಉತ್ತರಕ್ಕೆ ಎಪ್ಪತ್ತು ವರ್ಷ ಬೇಕಾಯಿತು. 1999ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಹ್ಯಾಮಿಲ್ಟನ್ ಮತ್ತು ಬಾಲ್ಕೋಂಬ್ ಗಿಡದೊಳಗೆ ಆರ್‌ಎನ್‌ಎಯ, ಅಂದರೆ ವಂಶವಾಹಿಯ ಬರಹ ಹೊತ್ತ ಎಳೆಯ, ಸಣ್ಣ ಸಣ್ಣ ತುಂಡು ಕಂಡರು, ಸುಮಾರು 25 ಅಕ್ಷರದ್ದು. ನಡೆಯುವುದು ಹೀಗೆ. ಗಿಡದ ವೈರಸ್‌ಗಳಲ್ಲಿ ಹೆಚ್ಚಿನವು ಆರ್‌ಎನ್‌ಎಯವು. ಹೆಚ್ಚುವಾಗ ಆ ಆರ್‌ಎನ್‌ಎ ಜೋಡಿ ಎಳೆ ಆಗುತ್ತದೆ. ಗಿಡದ ಹತ್ತಿರ ಡೈಸರ್ ಅಂತ ಒಂದು ಕಿಣ್ವ ಇದೆ. ನನ್ನ ಪಾಲಿಗೆ ಅದು ಅಡಕತ್ತರಿ. ಜೋಡಿ ಎಳೆ ಕಂಡರೆ ಕಚಕ್ ಅಂತ ಒಂದೇ ಅಳತೆಗೆ ಕತ್ತರಿಸುತ್ತದೆ. ಆ ಹೋಳುಗಳಲ್ಲಿ ಒಂದನ್ನು ಆರ್ಗೊನಾಟ್ ಅನ್ನುವ ಇನ್ನೊಂದು ಪ್ರೋಟೀನ್ ಗುರುತಿಗೆ ಹಿಡಿದುಕೊಳ್ಳುತ್ತದೆ. ಹೋಳಿಗೆ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕಿದರೂ ತುಂಡು. ಹೋಳುಗಳು ಪಕ್ಕದ ಕೋಶಕ್ಕೂ, ದೂರದ ಚಿಗುರಿಗೂ ಹೋಗುತ್ತವೆ. ವೈರಸ್ ತಲುಪುವ ಮೊದಲು ಸುದ್ದಿ ತಲುಪಿರುತ್ತದೆ. ವಿಂಗಾರ್ಡನ ಹೊಸ ಎಲೆ ಚೆನ್ನಾಗಿದ್ದದ್ದು ಅದಕ್ಕೆ.

ಎಲ್ಲ ಗಿಡವೂ ಹಾಗೆ ಗೆಲ್ಲುವುದಿಲ್ಲ. ವೈರಸ್ ಕೂಡ ಕಮ್ಮಿ ಇಲ್ಲ. ಕಟ್ಟೆಯ ವೈರಸ್ ಸೇರಿರುವ ಪೋಟಿವೈರಸ್ ಕುಟುಂಬದ ಹತ್ತಿರ ಎಚ್‌ಸಿ-ಪ್ರೊ ಅನ್ನುವ ಪ್ರೋಟೀನ್ ಇದೆ. ಅದು ಗಿಡದ ಈ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ. ಅಡಕತ್ತರಿ ಮಾಡಿದ ಹೋಳನ್ನೇ ಕದಿಯುವ ಹಾಗೆ.

ಈಗ ಲೆಕ್ಕದ ಪುಸ್ತಕ ಮತ್ತೆ ತೆಗೆಯಿರಿ. ಅಡಕತ್ತರಿ ಪ್ರೋಟೀನ್, ಅದಕ್ಕೆ ಸಾರಜನಕ ಬೇಕು. ಆರ್‌ಎನ್‌ಎ ಹೋಳಿಗೂ ಬೇಕು. ವೈರಸ್‌ಗೂ ಬೇಕು. ತಂಬಾಕಿನ ಮಚ್ಚೆ ವೈರಸ್‌ನ ಒಂದೊಂದು ಕಣದ ಮೈಮೇಲೆ 2130 ಪ್ರೋಟೀನ್ ಇಟ್ಟಿಗೆ. ಎಲ್ಲ ಗಿಡದ ಉಗ್ರಾಣದಿಂದ. ಎಲೆಯಲ್ಲಿ ಗಾಳಿಯ ಇಂಗಾಲ ಹಿಡಿಯುವ ರುಬಿಸ್ಕೋ ಅನ್ನುವ ಕಿಣ್ವವೇ ಎಲೆಯ ಸಾರಜನಕದ ದೊಡ್ಡ ಪಾಲು ನುಂಗಿರುತ್ತದೆ. ಹಾಗಾಗಿ ಗಿಡಕ್ಕೆ ಸಾರಜನಕವೇ ಕೊಡಬೇಡಿ ಅನ್ನುವವರ ಮಾತೂ ಕೇಳಬೇಡಿ. ಹಸಿದವನೂ ಕಾದಾಡಲಾರ, ಹೊಟ್ಟೆ ಬಿರಿಯೆ ಉಂಡವನೂ ಕಾದಾಡಲಾರ.

ಚೀಟಿ ಬಂತು. ಐದು ನಿಮಿಷ ಅಂತೆ. ಸ್ವಾಗತ ಭಾಷಣಕ್ಕೆ ಯಾರೂ ಚೀಟಿ ಕೊಟ್ಟ ಹಾಗೆ ಕಾಣಲಿಲ್ಲ!

ಬೇಗ ಹೇಳುತ್ತೇನೆ. ಕೆಲವು ಗಿಡಗಳಲ್ಲಿ ಕಾವಲು ವಂಶವಾಹಿ ಇರುತ್ತದೆ. ವೈರಸ್ ಹೊಕ್ಕ ಜಾಗದ ಕೋಶಗಳು ತಾವೇ ಸತ್ತು ಬೇಲಿ ಹಾಕುತ್ತವೆ. ಆ ಕಂದು ಚುಕ್ಕೆ ಸೋಲಿನ ಗುರುತಲ್ಲ, ಗೆಲುವಿನದು. ಆಮೇಲೆ ಸ್ಯಾಲಿಸಿಲಿಕ್ ಆಮ್ಲ ಇಡೀ ಗಿಡವನ್ನು ಎಚ್ಚರಿಸುತ್ತದೆ. ನಮ್ಮ ಆಸ್ಪಿರಿನ್ ಅದರ ತಮ್ಮ. 1979ರಲ್ಲಿ ವೈಟ್ ಅನ್ನುವವನು ತಂಬಾಕಿಗೆ ಆಸ್ಪಿರಿನ್ ಕೊಟ್ಟು ಮಚ್ಚೆ ರೋಗ ಕಡಿಮೆ ಆಗುವುದನ್ನು ತೋರಿಸಿದ. ದಯವಿಟ್ಟು ನಾಳೆ ಮೆಡಿಕಲ್ ಶಾಪಿಗೆ ಓಡಬೇಡಿ. ಪಪ್ಪಾಯಿಯ ಉಂಗುರ ನಂಜು, ಹವಾಯಿಯ ಕಥೆ ಹೇಳಬೇಕಿತ್ತು. ಬಿಟ್ಟೆ. ಸಮುದ್ರದ ವೈರಸ್‌ಗಳು ಇಂಗಾಲ ತಿರುಗಿಸುವ ಕಥೆ ಇನ್ನೂ ದೊಡ್ಡದು. ಅದನ್ನೂ ಬಿಟ್ಟೆ.

ಒಂದು ಮಾತು ಮಾತ್ರ. ಅಡಿಕೆಯ ಎಲೆಚುಕ್ಕಿ ರೋಗಕ್ಕೂ ವೈರಸ್, ಕೊಳೆ ರೋಗಕ್ಕೂ ವೈರಸ್ ಅನ್ನಬೇಡಿ. ಎಲೆಚುಕ್ಕಿ ಶಿಲೀಂಧ್ರದ್ದು. ಕೊಳೆಯ ಫೈಟಾಫ್ತೊರಾ ಶಿಲೀಂಧ್ರವನ್ನು ಹೋಲುವ ಬೇರೆ ಗುಂಪಿನದು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಅವಕ್ಕೆ. ಕಟ್ಟೆಗೆ ಅದನ್ನು ಹೊಡೆದರೆ ದುಡ್ಡು, ಸುಣ್ಣ ಎರಡೂ ದಂಡ.

ಬೆಳಿಗ್ಗೆ ಎಲೆ ತಂದವರು ಎಲ್ಲಿದ್ದೀರಿ? ಹಾಂ, ಕಂಬದ ಹತ್ತಿರ. ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟೇ ಇಳಿಯುತ್ತೇನೆ. ಹೇನಿಗೆ ವಿಷ ಹೊಡೆದು ಕಟ್ಟೆ ತಡೆಯುವುದು ಕಷ್ಟ. ಈ ಜಾತಿಯ ವೈರಸ್ ಹೇನಿನ ಬಾಯಿಗೆ ಅಂಟಲು ಚೂರು ಹೊತ್ತು ಸಾಕು. ವಿಷ ತಾಗಿ ಸಾಯುವ ಮೊದಲೇ ಅದು ಮುಂದಿನ ಗಿಡಕ್ಕೆ ಚುಚ್ಚಿ ಮುಗಿಸಿರುತ್ತದೆ. ಗೀರು ಕಂಡ ಹಿಂಡನ್ನು ಬುಡಸಮೇತ ಕಿತ್ತು ಹಾಕಿ. ಪ್ರತಿ ತಿಂಗಳು ಸುತ್ತು ಹಾಕಿ ನೋಡಿ. ಹೊಸ ಗಿಡಕ್ಕೆ ಪಕ್ಕದ ತೋಟದ ಗಡ್ಡೆ ತರಬೇಡಿ, ಗಡ್ಡೆಯ ಜೊತೆ ನಂಜೂ ಬರುತ್ತದೆ. ಬೀಜದಿಂದ ಈ ವೈರಸ್ ಬರುವುದಿಲ್ಲ, ಬೀಜದ ಸಸಿಯೇ ಒಳ್ಳೆಯದು. ಸಸಿಮಡಿ ಮಾತ್ರ ರೋಗದ ತೋಟದಿಂದ ದೂರ ಇರಲಿ. ಗೊಬ್ಬರ ಏನು ಹಾಕುತ್ತೀರಿ ಅಂತ ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ, ಊಟದ ಪಂಕ್ತಿಯಲ್ಲಿ ಹೇಳಿ. ಮತ್ತೆ ಆ ಎಲೆ ನಿಮ್ಮ ಅಂಗಿಯ ಜೇಬಿನಲ್ಲೇ ಇದೆ, ನನಗೆ ಇಲ್ಲಿಂದ ಕಾಣುತ್ತದೆ. ಅದರ ಬುಡದಲ್ಲಿ ಹೇನು ಇದ್ದರೂ ಇರಬಹುದು. ಮೊದಲು ಒಲೆಗೆ ಹಾಕಿ ಬನ್ನಿ, ನಿಮ್ಮ ಪಕ್ಕ ಕೂತವರದ್ದೂ ಏಲಕ್ಕಿ ತೋಟವೇ.