ಕೈ ನಡುಗಿದರೆ ಹಿಡಿಯುವುದು ಯಾರು, ಬಾಡಿಯಾ ಲೆನ್ಸಾ?

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಸ್ಟೆಬಿಲೈಸೇಶನ್, ಅಂದರೆ ಕೈ ನಡುಗಿದರೂ ಫೋಟೋ ಕಲಸಿಹೋಗದ ಹಾಗೆ ಕ್ಯಾಮೆರಾದ ಬಾಡಿಯೋ ಲೆನ್ಸೋ ಮಾಡುವ ಉಪಾಯ. ಉಡುಪಿಯಲ್ಲಿ ಇದರ ಬಗ್ಗೆ ಮಾತಾಡಲು ನನಗೆ ತುಂಬಾ ಖುಷಿ. ಯಾಕೆಂದರೆ ನಮ್ಮ ಕಡೆ ಒಳ್ಳೆಯ ಫೋಟೋ ಸಿಗುವ ಹೊತ್ತಿಗೆ ಬೆಳಕೇ ಇರುವುದಿಲ್ಲ. ಭೂತಕೋಲ ರಾತ್ರಿ, ಯಕ್ಷಗಾನದ ಆಟ ರಾತ್ರಿ, ಮಳೆಗಾಲದಲ್ಲಂತೂ ಮಧ್ಯಾಹ್ನ ಮೂರಕ್ಕೇ ಕತ್ತಲು. ಬೆಳಕು ಕಡಿಮೆಯಾದರೆ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ಕೈ ನಡುಗಿಬಿಡುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಕ್ಯಾಮೆರಾ ಕೊಂಡಾಗ ಅಂಗಡಿಯವರು, "ಬಾಡಿಯಲ್ಲೇ ಸ್ಟೆಬಿಲೈಸೇಶನ್ ಉಂಟು, ಇನ್ನು ಯಾವ ಲೆನ್ಸ್ ಹಾಕಿದರೂ ನಡೆಯುತ್ತದೆ" ಅಂದರು. ನಂಬಿದೆ. ದೂರದ್ದನ್ನು ಹತ್ತಿರ ತೋರಿಸುವ ಒಂದು ಹಳೆಯ 300 ಎಂಎಂ ಮ್ಯಾನುಯಲ್ ಲೆನ್ಸ್ ಹಾಕಿಕೊಂಡು ಬೆಳಿಗ್ಗೆ ಬೇಗ ಮಲ್ಪೆ ಬಂದರಿಗೆ ಹೋದೆ. ದೀಪದ ಕಂಬದ ಮೇಲೆ ಗರುಡ ಕೂತಿತ್ತು, ಅಲ್ಲಾಡದೆ. ಲೆನ್ಸ್ ಎಷ್ಟು ಎಂಎಂ ಅಂತ ಕೇಳುವ ಕ್ಯಾಮೆರಾದ ಮೆನುವಿನಲ್ಲಿ 300 ಅಂತ ಸರಿಯಾಗಿ ಹಾಕಿದ್ದೆ, ಶಟರ್ 1/30 ಸೆಕೆಂಡ್. ನಲವತ್ತು ಫೋಟೋ ತೆಗೆದೆ, ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಒಂದರಲ್ಲೂ ಕಣ್ಣು ಚೂಪಾಗಿಲ್ಲ. ಕೊಕ್ಕಿನ ಅಂಚು ಎರಡೆರಡಾಗಿ ಕಾಣುತ್ತಿತ್ತು. ಮರುವಾರ ಅದೇ ಬಾಡಿಗೆ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಹೋದೆ. ಕಂಬದ ಕೆತ್ತನೆ, ಕೈಯಲ್ಲೇ ಹಿಡಿದು, 1/4 ಸೆಕೆಂಡ್. ಕಲ್ಲಿನ ಮೇಲೆ ಉಳಿ ಎಳೆದ ಗೆರೆ ಕೂಡ ಎಣಿಸಬಹುದಿತ್ತು!

ಅದೇ ಕೈ, ಅದೇ ಕ್ಯಾಮೆರಾ. ಹಾಗಾದರೆ ಏನು ವ್ಯತ್ಯಾಸ?

ಲೆಕ್ಕ ಸಣ್ಣದು. ನಿಮ್ಮ ಕೈ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ಓರೆಯಾಯಿತು ಅಂತಿಟ್ಟುಕೊಳ್ಳಿ. 24 ಎಂಎಂ ಲೆನ್ಸಿನಲ್ಲಿ, ಫಿಲ್ಮಿನ ಜಾಗದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಚಿತ್ರ 0.04 ಮಿ.ಮೀ. ಜಾರುತ್ತದೆ. 300ರಲ್ಲಿ 0.52 ಮಿ.ಮೀ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನ ಚಿತ್ರದಷ್ಟು ದೊಡ್ಡ) ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.006 ಮಿ.ಮೀ. ಅಂದರೆ ಮೊದಲನೆಯದರಲ್ಲಿ ಏಳು ಪಿಕ್ಸೆಲ್, ಎರಡನೆಯದರಲ್ಲಿ ಎಂಬತ್ತೇಳು! ಬಾಡಿಯ ಸ್ಟೆಬಿಲೈಸೇಶನ್ ಅಂದರೆ ಸೆನ್ಸರನ್ನೇ ಆ ಜಾರಿದ ಚಿತ್ರದ ಹಿಂದೆ ಓಡಿಸುವುದು. ಲೆನ್ಸಿನ ಎಂಎಂ ಹೆಚ್ಚಾದಷ್ಟೂ ಸೆನ್ಸರ್ ಜಾಸ್ತಿ ದೂರ, ಜಾಸ್ತಿ ವೇಗವಾಗಿ ಓಡಬೇಕು, ಒಳಗೆ ಜಾಗವೋ ಸ್ವಲ್ಪ. ಲೆನ್ಸಿನೊಳಗಾದರೆ ಒಂದು ಗಾಜಿನ ಗುಂಪು ತುಸು ಸರಿದರೂ ಸಾಕು, ಆ ಲೆನ್ಸಿಗೆ ಎಷ್ಟು ಬೇಕೋ ಅಷ್ಟಕ್ಕೇ ಅದನ್ನು ಮಾಡಿರುತ್ತಾರೆ. ಹಾಗಾಗಿ ಹಕ್ಕಿಯ ಹಿಂದೆ ಹೋಗುವವರು ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇರುವುದನ್ನೇ ತೆಗೆದುಕೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಮೊದಲು ಬಂದದ್ದೂ ಲೆನ್ಸಿನಲ್ಲೇ, ಅಲ್ವಾ? ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಕ್ಯಾನನ್ 1995ರಲ್ಲಿ ಸ್ಟೆಬಿಲೈಸೇಶನ್ ಇರುವ 75-300 ಎಂಎಂ ಲೆನ್ಸ್ ತಂದಿತು. ಆಗ ಬಾಡಿಯೊಳಗೆ ಇದ್ದದ್ದು ಫಿಲ್ಮ್ ರೋಲ್, ಅದನ್ನು ಅಲುಗಾಡಿಸುವುದು ಹೇಗೆ? ಡಿಜಿಟಲ್ ಬಂದ ಮೇಲೆ ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾಗಳು ಬಂದವು: 2004ರಲ್ಲಿ ಕೊನಿಕಾ ಮಿನೋಲ್ಟಾ 7ಡಿ, 2012ರಲ್ಲಿ ಐದು ದಿಕ್ಕಿನ ಅಲುಗಾಟ ಹಿಡಿಯುವ ಒಲಿಂಪಸ್ ಇ-ಎಂ5. ಕ್ಯಾನನ್ ತನ್ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಯಲ್ಲಿ ಇದನ್ನು ಕೊಟ್ಟದ್ದು 2020ರ ಆರ್5ನಲ್ಲಿ, ಅದೂ ಲೆನ್ಸಿನ ಜೊತೆ ಸೇರಿ ಕೆಲಸ ಮಾಡುವ ಹಾಗೆ.

ಹಾಗಂತ ಬಾಡಿಯದ್ದು ಕಡಿಮೆ ಅಂತ ಅಲ್ಲ. ಶಟರ್ ಒತ್ತುವಾಗ ಕ್ಯಾಮೆರಾ ಚಕ್ರದ ಹಾಗೆ ಸ್ವಲ್ಪ ತಿರುಗುತ್ತದೆ ನೋಡಿ, ಅದನ್ನು ಲೆನ್ಸಿನೊಳಗಿನ ಗಾಜು ಸರಿಮಾಡಲಾರದು. ಸೆನ್ಸರ್ ತಿರುಗಿ ಸರಿಮಾಡುತ್ತದೆ. ಅಜ್ಜನ ಕಾಲದ ಲೆನ್ಸಿಗೂ ಅದು ಸಿಗುತ್ತದೆ, ಆದರೆ ಎಷ್ಟು ಎಂಎಂ ಅಂತ ಮೆನುವಿನಲ್ಲಿ ನೀವೇ ಹೇಳಬೇಕು. ತಪ್ಪು ಅಂಕಿ ಇದ್ದರೆ ಅಲುಗಾಟ ಪೂರ್ತಿ ಸರಿಹೋಗುವುದಿಲ್ಲ, ಇನ್ನೂ ಹಾಳಾಗಲೂಬಹುದು. ಹಳೆಯ ಡಿಎಸ್‌ಎಲ್‌ಆರ್ ಇರುವವರಿಗೆ ಒಂದು ಮಾತು: ಅದರಲ್ಲಿ ಲೆನ್ಸಿನ ಚಿತ್ರ ಕನ್ನಡಿಯ ಮೂಲಕ ಕಣ್ಣಿಗೆ ಬರುತ್ತದೆ, ಹಾಗಾಗಿ ಕಣ್ಣಿಟ್ಟು ನೋಡುವಾಗ ಅದು ನಿಂತ ಹಾಗೆ ಕಾಣುವುದು ಲೆನ್ಸಿನ ಸ್ಟೆಬಿಲೈಸೇಶನ್‌ನಿಂದ ಮಾತ್ರ. ಸೆನ್ಸರ್ ಹಿಂದೆ ಎಷ್ಟು ಓಡಿದರೂ ಕನ್ನಡಿಯಲ್ಲಿ ಕಾಣುವುದಿಲ್ಲ.

ಈಗ ಯಕ್ಷಗಾನಕ್ಕೆ ಬರೋಣ, ಯಾಕೆಂದರೆ ಜಾಸ್ತಿ ಜನ ತಪ್ಪುವುದು ಅಲ್ಲೇ. ಸ್ಟೆಬಿಲೈಸೇಶನ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ವೇಷಧಾರಿಯನ್ನು ಅಲ್ಲ. ಪುಂಡುವೇಷ (ತರುಣ ವೀರನ ಪಾತ್ರ) ಧೀಂಗಿಣ ಹಾಕುತ್ತಾ ಗಿರಗಿರ ತಿರುಗುತ್ತಿರುವಾಗ 1/15ರಲ್ಲಿ ತೆಗೆದರೆ ಹಿಂದೆ ಕೂತು ಹಾಡುವ ಭಾಗವತರು ಚೂಪಾಗಿ ಬರುತ್ತಾರೆ, ವೇಷ ಮಾತ್ರ ಕಲಸಿಹೋಗುತ್ತದೆ. ಅಲ್ಲಿ 1/500 ಬೇಕು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ, ಚಿತ್ರದಲ್ಲಿ ಕಾಳು ಕಾಳಾಗಿ ನಾಯ್ಸ್ ಬಂದರೆ ಬರಲಿ. ದೊಡ್ಡದಾಗಿ ತೆರೆದು ಬೆಳಕು ಜಾಸ್ತಿ ಒಳಬಿಡುವ ಎಫ್ 1.8 ಲೆನ್ಸ್ ಇದ್ದರೆ ಅದೇ ದೊಡ್ಡ ಉಪಕಾರ. ಕಂಬಳದಲ್ಲಿ ಕೋಣದ ಜೊತೆ ಕ್ಯಾಮೆರಾ ತಿರುಗಿಸುತ್ತೀರಲ್ಲ, ಆಗ ಲೆನ್ಸಿನ ಸ್ಟೆಬಿಲೈಸೇಶನ್ ಮೋಡ್ 2ಕ್ಕೆ ಹಾಕಿ. ಅಡ್ಡದ ಚಲನೆಯನ್ನು ಅದು ಬಿಟ್ಟುಬಿಡುತ್ತದೆ, ಮೇಲೆ ಕೆಳಗಿನದನ್ನು ಮಾತ್ರ ಹಿಡಿಯುತ್ತದೆ.

ಕ್ಯಾಮೆರಾ ತಂದವರು ಈಗ ಹೊರಗೆ ತೆಗೆಯಿರಿ. ಆ ಗೋಡೆಯ ಕ್ಯಾಲೆಂಡರನ್ನು 1/8 ಸೆಕೆಂಡಿನಲ್ಲಿ ಹತ್ತು ಸಲ ತೆಗೆಯೋಣ, ಐದು ಸ್ಟೆಬಿಲೈಸೇಶನ್ ಆನ್ ಮಾಡಿ, ಐದು ಆಫ್ ಮಾಡಿ. ಆಮೇಲೆ ಅದರ ಸಣ್ಣ ಅಕ್ಷರ ಓದಲು ಬರುತ್ತದಾ ಅಂತ ಒಬ್ಬೊಬ್ಬರೇ ದೊಡ್ಡದು ಮಾಡಿ ನೋಡಿ.