ಬಾಡಿಗೆ ಬಂತು, ಕೈಯಲ್ಲಿ ಉಳಿದದ್ದೆಷ್ಟು?

ಕೇಳುಗರೇ, ನಮಸ್ಕಾರ. ಬಾಡಿಗೆಗೆ ಕೊಡಲೆಂದೇ ಒಂದು ಮನೆ ಕೊಳ್ಳುವ ಯೋಚನೆ ಇದೆಯೇ? ಹಾಗಾದರೆ ಪೆನ್ನು, ಹಾಳೆ ಹಿಡಿದು ಕುಳಿತುಕೊಳ್ಳಿ. ಬಾಡಿಗೆ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಖರ್ಚೆಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತೆ ಅಂತ ಕೇಳುವವರು ಕಮ್ಮಿ. ಆ ಉಳಿಕೆಯೇ ನಗದು ಹರಿವು.

ಲೆಕ್ಕಕ್ಕೆ ಸುಲಭವಾಗಲಿ, ತಿಂಗಳ ಬಾಡಿಗೆ 100 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 1,200. ಆದರೆ ಹಾಳೆಯಲ್ಲಿ 1,100 ಅಂತಲೇ ಬರೆಯಿರಿ. ಒಬ್ಬರು ಖಾಲಿ ಮಾಡುತ್ತಾರೆ. ಗೋಡೆಗೆ ಬಣ್ಣ ಹೊಡೆಸಬೇಕು, ಸೋರುವ ನಲ್ಲಿ ಬದಲಿಸಬೇಕು, ಹೊಸಬರು ಸಿಗಬೇಕು. ಅಷ್ಟರಲ್ಲಿ ಒಂದು ತಿಂಗಳು ಹೋಯಿತು, ಅಲ್ವಾ?

ಆಸ್ತಿ ತೆರಿಗೆ, ವಿಮೆಗೆ 120 ಕಳೆಯಿರಿ. ರಿಪೇರಿಗೆ 110. ಇದರಲ್ಲಿ ದೊಡ್ಡ ಖರ್ಚಿನ ಪಾಲೂ ಇರಲಿ. ನೀರಿನ ಪಂಪು ಹತ್ತು ವರ್ಷ ಬಾಳಿದರೆ ಅದರ ಬೆಲೆಯ ಹತ್ತನೇ ಒಂದು ಪಾಲು ಪ್ರತಿ ವರ್ಷದ ಖರ್ಚೇ. ಈಗ ಉಳಿದದ್ದು 870. ಸಾಲದ ಕಂತು ತಿಂಗಳಿಗೆ 65, ವರ್ಷಕ್ಕೆ 780. ಕೈಗೆ ಉಳಿದದ್ದು ಬರೀ 90. ತಿಂಗಳಿಗೆ ಏಳೂವರೆ!

ಮನೆ ಇನ್ನೊಂದು ತಿಂಗಳು ಖಾಲಿ ಬಿತ್ತು ಅನ್ನಿ. ಆ 90 ಹೋಗಿ, ಮೇಲೆ 10 ನಿಮ್ಮ ಜೇಬಿನಿಂದಲೇ ಹಾಕಬೇಕು. ಬಡ್ಡಿ ದರ ಏರಿ ಕಂತು 70 ಆಯಿತೋ, ವರ್ಷವಿಡೀ ಮನೆ ತುಂಬಿದ್ದರೂ... ಅಲ್ಲ, ತಪ್ಪಿದೆ, ಒಂದೇ ತಿಂಗಳು ಖಾಲಿ ಇದ್ದರೂ ಉಳಿಯುವುದು 30.

ಸಾಲ ಬಿಟ್ಟು ನಿಮ್ಮ ಕೈಯಿಂದ 3,000 ಹಾಕಿದ್ದರೆ, 90 ಅಂದರೆ ನೂರಕ್ಕೆ 3. ಇಷ್ಟು ಬಡ್ಡಿ ಸುಮ್ನೆ ಬ್ಯಾಂಕಿನಲ್ಲಿ ಇಟ್ಟರೂ ಬರುತ್ತದೆಯೇ, ವಿಚಾರಿಸಿ ನೋಡಿ.

ಕಂತಿನಲ್ಲಿ ಅಸಲೂ ತೀರುತ್ತಿದೆಯಲ್ಲ ಅನ್ನಬಹುದು. ನಿಜ, ಆದರೆ ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲೇ ಜಾಸ್ತಿ. ಅದೂ ಅಲ್ಲದೆ, ಗೋಡೆಯೊಳಗೆ ಪೈಪ್ ಒಡೆದ ದಿನ ತೀರಿದ ಅಸಲನ್ನು ತೋರಿಸಿ ಪ್ಲಂಬರ್‌ನನ್ನು ಕಳಿಸಲಾಗುವುದಿಲ್ಲ. ಬಾಡಿಗೆದಾರರು ಕೊಟ್ಟ ಮುಂಗಡವನ್ನೂ ಆದಾಯಕ್ಕೆ ಸೇರಿಸಬೇಡಿ. ಅದು ವಾಪಸ್ ಕೊಡಬೇಕಾದ ದುಡ್ಡು.

ಮಾರುವವರು ಬಾಡಿಗೆ ಕರಾರು ಪತ್ರವನ್ನು ಖುಷಿಯಿಂದ ತೋರಿಸುತ್ತಾರೆ. ನೀವು ತೆರಿಗೆ ರಸೀದಿ ಕೇಳಿ, ಎರಡು ಮೂರು ವರ್ಷದ ರಿಪೇರಿ ಬಿಲ್ಲು ಕೇಳಿ. ಮನೆ ಎಷ್ಟು ತಿಂಗಳು ಖಾಲಿ ಇತ್ತು ಅನ್ನುವುದನ್ನು ಮಾತ್ರ ಪಕ್ಕದ ಮನೆಯವರನ್ನು ಕೇಳಿ. ನಮಸ್ಕಾರ.